ಹಿಡಿತಕ್ಕೊಂದು ಅಳತೆ

ಲೇತ್‌ನ ಚಕ್ಕಿಗೆ ಉಕ್ಕಿನ ಸರಳು ಕೊಟ್ಟು, ಚಾವಿ ತಿರುಗಿಸಿ ಬಿಗಿಮಾಡುವ ಟರ್ನರ್, ಎಲ್ಲಿಗೆ ನಿಲ್ಲಿಸಬೇಕೆಂದು ತನ್ನ ತೋಳನ್ನೇ ಕೇಳುತ್ತಾನೆ. ಬಿಗಿ ಕಡಿಮೆಯಾದರೆ ಗರಗರನೆ ಸುತ್ತುವ ಸರಳು ಕಳಚಿ ಮುಖಕ್ಕೇ ಹಾರಬಹುದು. ಹೆಚ್ಚಾದರೆ ಬೇರೆ ಫಜೀತಿ. ಬಳೆಯಂಥ ತೆಳು ವಸ್ತು ಮೂರು ದವಡೆಗಳ ನಡುವೆ ಅಮುಕಿಕೊಳ್ಳುತ್ತದೆ. ಹಾಗೆ ಅಮುಕಿದ್ದಾಗಲೇ ಅದರ ಒಳಗನ್ನು ಗುಂಡಗೆ ಕೊರೆದು ಚಕ್ ಸಡಿಲಿಸಿದರೆ, ಬಳೆ ಮೊದಲಿನ ಆಕಾರಕ್ಕೆ ಮರಳುತ್ತದೆ, ಕೊರೆದ ರಂಧ್ರ ಮುಮ್ಮೂಲೆಯಾಗುತ್ತದೆ.

ಅಮೆರಿಕದ ಕನೆಕ್ಟಿಕಟ್‌ನ ಸೈಮನ್ ಫೇರ್‌ಮನ್ ಲೇತ್ ಚಕ್ಕಿಗೆ ಪೇಟೆಂಟ್ ಪಡೆದದ್ದು 1840ರಲ್ಲಿ. ಅದನ್ನು ಮುಂದೆ ಬೆಳೆಸಿದವನು ಅವನ ಅಳಿಯ ಆಸ್ಟಿನ್ ಕುಷ್‌ಮನ್. ಇಂದಿನ ಮೂರು ದವಡೆಯ ಚಕ್ಕಿನೊಳಗೆ ಸುರುಳಿ ಗೀರಿನ ತಟ್ಟೆಯೊಂದಿರುತ್ತದೆ. ಚಾವಿ ತಿರುಗಿದಂತೆ ತಟ್ಟೆ ತಿರುಗಿ, ಮೂರೂ ದವಡೆಗಳು ಒಟ್ಟಿಗೇ ಮಧ್ಯಕ್ಕೆ ಸರಿಯುತ್ತವೆ. ಆದರೆ ಚಾವಿಗೆ ಹಾಕಿದ ಬಲದ ದೊಡ್ಡ ಪಾಲನ್ನು ಹಲ್ಲುಗಳ, ಗೀರುಗಳ ಘರ್ಷಣೆಯೇ ನುಂಗಿಬಿಡುತ್ತದೆ. ಗ್ರೀಸ್ ಒಣಗಿ ಚೂರು ತುಂಬಿದ ಚಕ್ಕಿನಲ್ಲಂತೂ ನುಂಗುವುದು ಇನ್ನೂ ಹೆಚ್ಚು. ಕೈಗೆ ಗೊತ್ತಾಗುವುದು ತಾನು ಕೊಟ್ಟ ಬಲ. ದವಡೆಗೆ ತಲುಪಿದ್ದೆಷ್ಟು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಅದನ್ನು ತಿಳಿಯುವ ದಾರಿ ತೆರೆದದ್ದು ಲೇತ್‌ಗೆ ಸಂಬಂಧವೇ ಇಲ್ಲದ ಜಾಗದಲ್ಲಿ. 1856ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ತಾಮ್ರ ಮತ್ತು ಕಬ್ಬಿಣದ ತಂತಿಗಳನ್ನು ಎಳೆದು ನೋಡಿದರು. ಎಳೆದಾಗ ತಂತಿಯ ವಿದ್ಯುತ್ ರೋಧ ಹೆಚ್ಚುತ್ತಿತ್ತು. ಆ ಸಂಗತಿ ವರ್ಕ್‌ಶಾಪಿಗೆ ಬರಲು ಎಂಬತ್ತು ವರ್ಷ ಹಿಡಿಯಿತು. 1930ರ ದಶಕದ ಕೊನೆಯಲ್ಲಿ ಕ್ಯಾಲ್ಟೆಕ್‌ನ ಎಡ್ವರ್ಡ್ ಸಿಮ್ಮನ್ಸ್, ಲೋಹಕ್ಕೆ ಪೆಟ್ಟು ಬಿದ್ದಾಗಿನ ಬಲ ಅಳೆಯಲು ನವಿರಾದ ತಂತಿಯನ್ನು ಉಕ್ಕಿಗೇ ಅಂಟಿಸುವ ಉಪಾಯ ಹೂಡಿದರು. ಎಂಐಟಿಯ ಆರ್ಥರ್ ರೂಜ್ ಕೂಡ 1938ರಲ್ಲಿ ಅಲ್ಲಿಗೇ ಬಂದರು. ಭೂಕಂಪದಲ್ಲಿ ನೀರಿನ ಟ್ಯಾಂಕ್ ಏನಾಗುತ್ತದೆಂದು ತಿಳಿಯಲು ಪುಟ್ಟ ಮಾದರಿಯೊಂದನ್ನು ಅಲುಗಿಸುತ್ತಿದ್ದ ಅವರು, ತೆಳು ಕಾಗದಕ್ಕೆ ತಂತಿ ಅಂಟಿಸಿ, ಕಾಗದವನ್ನು ಟ್ಯಾಂಕಿನ ಗೋಡೆಗೆ ಅಂಟಿಸಿದರು. ಸ್ಟ್ರೇನ್ ಗೇಜ್ ಹುಟ್ಟಿದ್ದು ಹೀಗೆ, ಎರಡು ಕಡೆ, ಒಬ್ಬರಿಗೊಬ್ಬರು ತಿಳಿಯದೆ.

ಇದರಿಂದ ವ್ಯಾಪಾರಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ಎಣಿಸಿದ ಎಂಐಟಿಯ ಸಮಿತಿ ಹಕ್ಕನ್ನು ರೂಜ್‌ಗೇ ಬಿಟ್ಟುಕೊಟ್ಟಿತು. ಸಿಮ್ಮನ್ಸ್ ಮಾತ್ರ ತಮ್ಮ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡಿ, 1949ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ ಗೆಲ್ಲಬೇಕಾಯಿತು. ಮಾರುಕಟ್ಟೆಗೆ ಬಂದ ಗೇಜಿನ ಹೆಸರು ಎಸ್‌ಆರ್-4. ಮೊದಲೆರಡು ಅಕ್ಷರ ಇವರಿಬ್ಬರದು.

ಇಂದು ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೂ ಕೂತಿರುವುದು ಅದೇ ಗೇಜು. ಮನೆಯ ಹಿತ್ತಲಲ್ಲಿ ಲೇತ್ ಇಟ್ಟುಕೊಂಡವರಿಗೂ ಇದರಿಂದಾಗಿಯೇ ಚಕ್ಕಿನ ಹಿಡಿತ ಅಳೆಯುವುದು ಸಾಧ್ಯವಾಗಿದೆ. ಹತ್ತು ಮಿಲಿಮೀಟರ್ ಚೌಕದ ಉಕ್ಕಿನ ತುಂಡನ್ನು ದವಡೆಯೊಂದು ಒಂದು ಟನ್ ಬಲದಿಂದ ಒತ್ತಿತೆನ್ನಿ. ಅದರ ಹತ್ತು ಮಿಲಿಮೀಟರ್ ಉದ್ದದಲ್ಲಿ ಕುಗ್ಗುವುದು ಮಿಲಿಮೀಟರಿನ ಇನ್ನೂರನೇ ಒಂದು ಭಾಗ. ಅದಕ್ಕಂಟಿಸಿದ 120 ಓಮ್ ಗೇಜಿನಲ್ಲಿ ಬದಲಾಗುವುದು ಸುಮಾರು 0.12 ಓಮ್. ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಲು ನಾಲ್ಕು ರೋಧಕಗಳ ವೀಟ್‌ಸ್ಟೋನ್ ಸೇತುವೆಯೂ ತಕ್ಕಡಿಗಳಲ್ಲಿರುವಂಥ ಆಂಪ್ಲಿಫೈಯರೂ ಸಾಕು. ಮೊದಲು ಗೊತ್ತಿರುವ ಭಾರ ಹೇರಿ ಅಂಕಿಗಳನ್ನು ತಾಳೆ ನೋಡಿಕೊಳ್ಳಬೇಕು. ಆಮೇಲೆ ಚಕ್ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿ, ಅದೇ ಚಾವಿಯನ್ನು ಅಷ್ಟೇ ಬಲದಿಂದ ತಿರುಗಿಸಿದರೆ ಘರ್ಷಣೆ ಎಷ್ಟು ನುಂಗುತ್ತಿತ್ತೆಂಬುದು ಅಂಕಿಯಲ್ಲೇ ಕಾಣುತ್ತದೆ.

ಆದರೆ ಇದು ನಿಂತ ಚಕ್ಕಿನ ಲೆಕ್ಕ. ಚಕ್ ತಿರುಗತೊಡಗಿದರೆ ದವಡೆಗಳು ತಮ್ಮ ತೂಕದಿಂದಲೇ ಹೊರಕ್ಕೆ ಎಳೆಯುತ್ತವೆ. ವೇಗ ಇಮ್ಮಡಿಯಾದರೆ ಈ ಸೆಳೆತ ನಾಲ್ಕು ಪಟ್ಟು. ಹೊರಗಿನಿಂದ ಹಿಡಿದ ಸರಳಿನ ಮೇಲೆ ಬಿಗಿ ಅಷ್ಟಷ್ಟೇ ಇಳಿಯುತ್ತದೆ. ಒಳಗಿನಿಂದ ಹಿಗ್ಗಿ ಹಿಡಿದ ಬಳೆಯ ಮೇಲೆ ಏರುತ್ತದೆ. ಚಾವಿ ತಿರುಗಿಸುವಾಗ ಎಷ್ಟು ಅನುಭವಿ ತೋಳಿಗೂ ಇದು ತಿಳಿಯುವ ಮಾತಲ್ಲ, ಏಕೆಂದರೆ ಆಗಿನ್ನೂ ಚಕ್ ನಿಂತಿರುತ್ತದೆ. ಚಕ್ಕಿನ ಮೈಮೇಲೆ ಗರಿಷ್ಠ ವೇಗದ ಅಂಕಿಯನ್ನು ಕೆತ್ತಿರುವುದು ಸುಮ್ಮನಲ್ಲ.