ವಿದ್ಯಾರ್ಥಿ ನಿಲಯವೂ ನೆಲದ ಗುಣವೂ



ವಿದ್ಯಾರ್ಥಿಗೆ ಅನ್ನವಿಕ್ಕುವಂತೆಯೇ ನೆಲೆ ಒದಗಿಸುವುದೂ ವಿದ್ಯಾದಾನದ ಅಂಗವೆಂಬ ತಿಳಿವು ಕನ್ನಡ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನವನ್ನು ನೋಡಿರಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯ ಸಂಗತಿಯನ್ನು ಕ್ರಿ.ಶ. 945ರ ಆ ಶಾಸನವು ತಿಳಿಸುತ್ತದೆ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ ಅಲ್ಲಿ ಮೀಸಲಾಗಿದ್ದವು. ಓದುವವನಿಗೆ ಸೂರಿನಷ್ಟೇ ಬೆಳಕೂ ಮುಖ್ಯವೆಂಬುದನ್ನು ಆ ದಾನಿಗಳು ಅರಿತಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಮೊದಲಾದೆಡೆ ನಡೆದ ಉಚಿತ ಪ್ರಸಾದ ನಿಲಯಗಳು ಇದೇ ಪರಂಪರೆಯನ್ನು ಎಲ್ಲ ಜಾತಿಯ ಬಡ ಮಕ್ಕಳಿಗೂ ತೆರೆದವು. ಅಂತಹ ನಿಲಯಗಳಲ್ಲಿ ಬೆಳೆದ ನಿಮ್ಮಲ್ಲನೇಕರು ಇಂದು ಹೊಸ ನಿಲಯಗಳಿಗೆ ದಾನವೀಯುತ್ತಿದ್ದೀರಿ. ಆದುದರಿಂದ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬೇಕಾಗಿದೆ: ಒಂದೇ ನಕ್ಷೆಯ ಕಟ್ಟಡವು ಎಲ್ಲ ಊರಿಗೂ ಒಗ್ಗುವುದೇ?

ಸಾಲೋಟಗಿಯ ಸೀಮೆ ಬಯಲುನಾಡು. ಮಳೆ ಕಡಿಮೆ, ಬಿಸಿಲು ತೀಕ್ಷ್ಣ. ಅಲ್ಲಿಯ ಹಿರಿಯರು ದಪ್ಪ ಗೋಡೆ, ಚಿಕ್ಕ ಕಿಟಕಿ, ಮೇಲೆ ಮಣ್ಣಿನ ಮಾಳಿಗೆಗಳಿಂದ ಬಿಸಿಲನ್ನು ಹೊರಗಿಟ್ಟರು. ಇನ್ನು ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಳಸದಿಂದ ಕುದುರೆಮುಖದತ್ತ ಸಾಗುವ ಹಾದಿಯ ಸಂಸೆಗೆ ಬನ್ನಿರಿ. ಕಾಫಿ, ಅಡಕೆ ತೋಟಗಳ ಈ ಮಲೆಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೇ ಮನೆಯ ಮೊದಲ ಪರೀಕ್ಷಕ. ಇಲ್ಲಿ ಕಾಡುವುದು ಸೆಕೆಗಿಂತ ಹೆಚ್ಚಾಗಿ ತೇವ.

ಆದುದರಿಂದಲೇ ಮಲೆನಾಡಿನ ಮನೆ ಬೇರೆ ರೂಪ ತಳೆಯಿತು. ನೀರು ನಿಲ್ಲದ ಇಳಿಜಾರು ಮಾಡು, ಗೋಡೆಗೆ ಎರಚಲು ತಾಗದಂತೆ ಮುಂಚಾಚಿದ ಸೂರು, ನೆಲದಿಂದ ಎತ್ತರಿಸಿದ ಜಗಲಿ — ಇವೆಲ್ಲ ಅನುಭವ ಕಲಿಸಿದ ಪಾಠಗಳು. ಹಿಂದೆ ಹುಲ್ಲನ್ನೋ ಸೋಗೆಯನ್ನೋ ವರ್ಷವರ್ಷವೂ ಹೊದಿಸಬೇಕಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹೆಂಚು ಕ್ರಮೇಣ ಘಟ್ಟವನ್ನೇರಿತು. ಹೊದಿಕೆ ಬದಲಾಯಿತು, ಇಳಿಜಾರು ಬದಲಾಗಲಿಲ್ಲ.

ಈಗಲಾದರೋ ಬಯಲುಸೀಮೆಯ ಚಪ್ಪಟೆ ತಾರಸಿಯನ್ನೇ ಮಲೆನಾಡಿಗೂ ತರುವ ವಾಡಿಕೆಯಾಗಿದೆ. ತಾರಸಿಯ ಮೇಲೆ ನೀರು ನಿಲ್ಲುತ್ತದೆ, ಬಿರುಕಿನಲ್ಲಿ ಜಿನುಗುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ನೂರು ಮಕ್ಕಳ ಒದ್ದೆ ಬಟ್ಟೆಗಳು ಮಲಗುವ ಕೋಣೆಯಲ್ಲೇ ತೂಗುತ್ತವೆ. ಇಂತಹ ತೇವದಲ್ಲಿ ಮಗುವಿಗೆ ಕೆಮ್ಮು ಬಂದರೆ ಅದಕ್ಕೆ ಮಳೆಯನ್ನಷ್ಟೇ ದೂರಬಹುದೇ?

ಹಳೆಯದಕ್ಕೆ ಮರಳಿರೆಂದು ನಾವು ಹೇಳುತ್ತಿಲ್ಲ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಭಾರತೀಯ ಪ್ರಬಂಧನ ಸಂಸ್ಥೆಯನ್ನು ರೂಪಿಸಿದಾಗ ಕಾಂಕ್ರೀಟನ್ನು ತೊರೆಯಲಿಲ್ಲ. ಆದರೆ ಸ್ಥಳೀಯ ಕಣಶಿಲೆಯ ಗೋಡೆ, ಬಳ್ಳಿಯ ನೆರಳಿನ ಹಜಾರ, ಅಂಗಳಗಳನ್ನು ಅದರೊಡನೆ ಬೆರೆಸಿ ಗಾಳಿ ಬೆಳಕುಗಳಿಗೆ ಹಾದಿ ಮಾಡಿದರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಆ ಮೇಧಾವಿಯೂ ಊರಿನ ಹವೆಯನ್ನು ಕೇಳಿಯೇ ಕಟ್ಟಿದರು.

ಸಂಸೆಯಂತಹ ಊರಿನಲ್ಲಿ ನಿಲಯ ಕಟ್ಟುವವರೂ ಹಾಗೆಯೇ ಮಾಡಲಿ. ಕೋಣೆಗಳ ಮುಂದೆ ಅಗಲವಾದ ಜಗಲಿಯಿರಲಿ. ಮಳೆಯ ದಿನವೂ ಮಕ್ಕಳು ಅಲ್ಲಿ ಕುಳಿತು ಓದಲಿ. ಗೋಡೆಯ ಮೇಲ್ಭಾಗದಲ್ಲಿ ತೇವದ ಗಾಳಿ ಹೊರಹೋಗಲು ಕಿಂಡಿಯಿರಲಿ. ಬಟ್ಟೆ ಒಣಗಿಸಲು ಪ್ರತ್ಯೇಕ ಚಾವಡಿಯಿರಲಿ. ಮಾಡಿನ ನೀರು ತೊಟ್ಟಿಗೆ ಇಳಿದು ಬೇಸಗೆಗೂ ಒದಗಲಿ.

ದಾನಿಗಳೇ, ಕಲ್ಲಿನಲ್ಲಿ ಹೆಸರು ಕೆತ್ತಿಸುವ ಮುನ್ನ ಆಷಾಢದ ಒಂದು ರಾತ್ರಿ ಅಂತಹ ನಿಲಯದಲ್ಲಿ ತಂಗಿ ನೋಡಿರಿ. ಬೆಳಗಿನವರೆಗೆ ಮಗುವಿನ ಹಾಸಿಗೆ ಬೆಚ್ಚಗೆ ಉಳಿದರೆ ತಮ್ಮ ದಾನ ಸಾರ್ಥಕವಾಯಿತೆಂದು ತಿಳಿಯಿರಿ.