ಮುತ್ಯಾನ ಪ್ರಶ್ನೆ ಮತ್ತು ಉತ್ತರದ ಹಿಮ

ನಮ್ಮ ತೊಗರಿ ಹೊಲ ಇರುವುದು ಹುಮನಾಬಾದ್ ಪಕ್ಕದ ಮಾಣಿಕನಗರದ ಹತ್ತಿರ. 1972ರ ಬರದ ಮಾತು ಬಂದಾಗಲೆಲ್ಲ ಮುತ್ಯಾ ನನ್ನನ್ನು ಕೇಳುತ್ತಾನೆ: "ಇಷ್ಟೆಲ್ಲ ಓದ್ತಿ, ಆ ವರ್ಷ ಮಳಿ ಯಾಕ ಬರಲಿಲ್ಲ ಹೇಳಪಾ."

ನನ್ನ ಪಿಎಚ್‌.ಡಿ. ವಿಷಯವೇ ಬರ. ಕಡತಗಳಲ್ಲಿ ಕಂದಾಯದ ಬಾಕಿ ಸಿಗುತ್ತದೆ, ಕಾಳಿನ ಬೆಲೆ ಸಿಗುತ್ತದೆ. ಮಳೆ ಯಾಕೆ ಕೈಕೊಟ್ಟಿತು ಎಂಬುದು ಸಿಗುವುದಿಲ್ಲ. ಆ ದಫ್ತರ ಇರುವುದು ಸಮುದ್ರದ ತಳದಲ್ಲಿ.

ಮುಂಗಾರಿನ ನೈಋತ್ಯ ಗಾಳಿ ಜೋರಾಗಿ ಬೀಸಿದಾಗ ಒಮಾನ್ ಕರಾವಳಿಯಲ್ಲಿ ಮೇಲಿನ ನೀರು ದೂರ ಸರಿದು, ಆಳದ ತಣ್ಣನೆಯ, ಸತ್ವವುಳ್ಳ ನೀರು ಮೇಲೇಳುತ್ತದೆ. ಆಗ ಗ್ಲೋಬಿಜೆರಿನಾ ಬುಲ್ಲಾಯ್ಡೀಸ್ ಎಂಬ ಸೂಕ್ಷ್ಮಜೀವಿ ಹುಲುಸಾಗಿ ಬೆಳೆಯುತ್ತದೆ. ಸತ್ತ ಮೇಲೆ ಅದರ ಚಿಪ್ಪು ತಳದ ಕೆಸರು ಸೇರುತ್ತದೆ. ಚಿಪ್ಪು ಹೆಚ್ಚಿದ್ದರೆ ಗಾಳಿ ಜೋರಿತ್ತು, ಕಡಿಮೆಯಿದ್ದರೆ ಮುಂಗಾರು ಸೊರಗಿತ್ತು. ಖರಗ್‌ಪುರ ಐಐಟಿಯ ಅನಿಲ್ ಗುಪ್ತಾ ಮತ್ತು ಜೊತೆಗಾರರು ಹೀಗೆ ಸುಮಾರು 10,000 ವರ್ಷಗಳ ಲೆಕ್ಕ ತೆಗೆದು 2003ರಲ್ಲಿ ಪ್ರಕಟಿಸಿದರು. ಮುಂಗಾರು ಸೊರಗಿದ ಕಾಲಗಳು, ಉತ್ತರ ಅಟ್ಲಾಂಟಿಕ್ ತಣ್ಣಗಾಗಿ ಹಿಮಬಂಡೆಗಳು ದಕ್ಷಿಣಕ್ಕೆ ತೇಲಿ ಬಂದ ಕಾಲಗಳಿಗೆ ಹೊಂದುತ್ತಿದ್ದವು.

ಹಿಮಬಂಡೆ ಬಂದದ್ದು ಗೊತ್ತಾಗುವುದು ಅದು ಬಿಟ್ಟುಹೋದ ಕಲ್ಲು ಮರಳಿನಿಂದ. ನೆಲದ ಮೇಲೆ ಜರಗುವ ಹಿಮ ಕಲ್ಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಡಲಿಗಿಳಿಯುತ್ತದೆ. ನಡುಗಡಲಲ್ಲಿ ಕರಗಿದಾಗ ಆ ಕಲ್ಲು ತಳಕ್ಕೆ ಬೀಳುತ್ತದೆ. 1988ರಲ್ಲಿ ಜರ್ಮನಿಯ ಹಾರ್ಟ್‌ಮುಟ್ ಹೈನ್‌ರಿಷ್ ಅಟ್ಲಾಂಟಿಕ್ ತಳದಲ್ಲಿ ಕಳೆದ ಹಿಮಯುಗದ ಇಂಥ ಪದರಗಳನ್ನು ಗುರುತಿಸಿದರು.

ಅಲ್ಲಿಯ ಹಿಮಕ್ಕೂ ಇಲ್ಲಿಯ ಮಳೆಗೂ ಏನು ನಂಟು? ಅಟ್ಲಾಂಟಿಕ್‌ನ ಬೆಚ್ಚಗಿನ ಉಪ್ಪುನೀರು ಉತ್ತರಕ್ಕೆ ಹರಿದು, ತಣ್ಣಗಾಗಿ, ಭಾರವಾಗಿ ಮುಳುಗುತ್ತದೆ. ಅದು ಮುಳುಗಿದಂತೆ ಹಿಂದಿನಿಂದ ಬಿಸಿನೀರು ಬರುತ್ತಲೇ ಇರುತ್ತದೆ. ಹಿಮ ಕರಗಿದ ಸಿಹಿನೀರು ಹಗುರ. ಅದು ಮೇಲೆ ಹರಡಿಕೊಂಡರೆ ಕಡಲ ನೀರು ಮುಳುಗುವುದಿಲ್ಲ, ಹರಿವು ನಿಧಾನವಾಗುತ್ತದೆ. ಉತ್ತರಾರ್ಧ ತಣ್ಣಗಾಗುತ್ತದೆ, ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಜಾರುತ್ತದೆ, ನಮ್ಮ ಮುಂಗಾರು ಬಡವಾಗುತ್ತದೆ. ಸುಮಾರು 8,200 ವರ್ಷಗಳ ಹಿಂದೆ ಕೆನಡಾದ ಹಿಮದ ಅಂಚಿನಲ್ಲಿದ್ದ ಅಗಾಸಿಜ್ ಎಂಬ ಮಹಾಸರೋವರ ಒಡೆದು ಹಡ್ಸನ್ ಕೊಲ್ಲಿಯ ಮೂಲಕ ಕಡಲಿಗೆ ಹರಿದಾಗ ಆದದ್ದು ಇಂಥದ್ದೇ.

ಇತಿಹಾಸದ ವಿದ್ಯಾರ್ಥಿಯಾಗಿ ನಾನು ಎಡವಬಹುದಾದ ಜಾಗವೂ ಇದೇ. ಒಂದು ಕಾರಣ ಕೈಗೆ ಸಿಕ್ಕರೆ ಎಲ್ಲ ಬರವನ್ನೂ ಅದರ ತಲೆಗೆ ಕಟ್ಟುವ ಚಪಲ. 2015ರಲ್ಲಿ ಸ್ಟೀಫನ್ ಬಾರ್ಕರ್ ತಂಡ ತೋರಿಸಿದಂತೆ, ಹಿಮಯುಗದಲ್ಲಿ ಅಟ್ಲಾಂಟಿಕ್ ತಣ್ಣಗಾಗತೊಡಗಿದ ಮೇಲೆಯೇ ಹಿಮಬಂಡೆಗಳು ಬಂದವು. ಅವು ಚಳಿಯನ್ನು ಶುರು ಮಾಡಿರಲಿಕ್ಕಿಲ್ಲ, ಎಳೆದು ಉದ್ದ ಮಾಡಿರಬಹುದು. 1972ರದಂತೂ ಹಿಮದ ಕತೆಯೇ ಅಲ್ಲ. ಆ ವರ್ಷ ಪೆಸಿಫಿಕ್ ಸಾಗರ ಬಿಸಿಯೇರಿ ಎಲ್ ನಿನೊ ಬಲವಾಗಿತ್ತು. ಇನ್ನು ಮಳೆ ಹೋದ ಮೇಲೆ ಯಾರ ಮನೆಯಲ್ಲಿ ಕಾಳು ಉಳಿಯಿತು, ಯಾರು ಗುಳೆ ಹೋದರು ಎಂಬುದನ್ನು ಯಾವ ಸಾಗರವೂ ತೀರ್ಮಾನಿಸಲಿಲ್ಲ. ಅದಕ್ಕೆ ನನ್ನ ಕಡತಗಳೇ ಬೇಕು.

ಕಳೆದ ಬೇಸಿಗೆಯಲ್ಲಿ ಇದನ್ನೆಲ್ಲ ಮುತ್ಯಾನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಹಿಮ ಈಗ ಕರಗೂದಿಲ್ಲೇನು?" ಎಂದ. ಗ್ರೀನ್‌ಲ್ಯಾಂಡ್ ಕರಗುತ್ತಿದೆ, 2004ರಿಂದ ಅಟ್ಲಾಂಟಿಕ್‌ನ ಹರಿವನ್ನು ಉಪಕರಣ ಇಳಿಬಿಟ್ಟು ಅಳೆಯುತ್ತಿದ್ದಾರೆ ಎಂದೆ.

ಮುತ್ಯಾ ಮತ್ತೆ ಮಾತಾಡಲಿಲ್ಲ. ಮಿರಗ ಹತ್ತಿರ ಬಂದಿತ್ತು. ಬಿತ್ತನೆಗೆಂದು ತೆಗೆದಿಟ್ಟ ತೊಗರಿಯಲ್ಲಿ ಎರಡು ಸೇರು ಹಿಂದಕ್ಕೆ ಸುರಿದು, ಚೀಲದ ಬಾಯಿ ಕಟ್ಟಿದ.