ನೆಲ ಎಷ್ಟು ಜರುಗಿತು? ಕಂಪನದಿಂದ ದೂರ ಅಳೆದ ಕತೆ

ದೋಣಿ ಎಷ್ಟು ಸರಿಯಿತು ಎಂದು ದಡದಲ್ಲಿ ನಿಂತು ನೋಡಬಹುದು. ಭೂಕಂಪದಲ್ಲಿ ದಡವೇ ಅಲುಗುತ್ತದೆ. ನೋಡುವವರೂ ಅಲುಗುತ್ತಾರೆ, ಅಳತೆಕೋಲೂ ಅಲುಗುತ್ತದೆ. ಹಾಗಾದರೆ ನೆಲ ಎಷ್ಟು ಜರುಗಿತು ಎಂದು ತಿಳಿಯುವುದು ಹೇಗೆ?

ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ಡ್ರೈವರ್ ವೇಗ ಹೆಚ್ಚಿಸಿದ್ದು, ಬ್ರೇಕ್ ಹಾಕಿದ್ದು ನಮ್ಮ ಮೈಗೆ ತಿಳಿಯುತ್ತದೆ. ವೇಗ ಬದಲಾಗುವ ಈ ದರವೇ ನಾವು ಶಾಲೆಯಲ್ಲಿ ಓದಿದ ವೇಗೋತ್ಕರ್ಷ. ಅದನ್ನು ಕ್ಷಣಕ್ಷಣಕ್ಕೂ ಅಳೆದು ಕೂಡಿಸುತ್ತ ಹೋದರೆ ವೇಗ ಸಿಗುತ್ತದೆ. ವೇಗವನ್ನು ಮತ್ತೆ ಹಾಗೆಯೇ ಕೂಡಿಸಿದರೆ ಸರಿದ ದೂರ, ಅಂದರೆ ಸ್ಥಾನಪಲ್ಲಟ.

1933ರ ಮಾರ್ಚ್ 10ರಂದು ಅಮೆರಿಕದ ಲಾಂಗ್ ಬೀಚ್ ಭೂಕಂಪದಲ್ಲಿ ಇಂಥ ಯಂತ್ರಗಳು ಮೊದಲ ಬಾರಿಗೆ ಪ್ರಬಲ ಕಂಪನವನ್ನು ಫೋಟೊ ಕಾಗದದ ಮೇಲೆ ಗೆರೆಯಾಗಿ ದಾಖಲಿಸಿದವು. ಗೆರೆಯೇನೋ ಸಿಕ್ಕಿತು, ಲೆಕ್ಕ ಕೈಕೊಟ್ಟಿತು. ಸೊನ್ನೆಯ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಎರಡು ಸಲ ಕೂಡಿ ಬೆಳೆಯುತ್ತದೆ. ಗುರುತ್ವದ ಸಾವಿರದಲ್ಲಿ ಒಂದು ಪಾಲಿನಷ್ಟು ತಪ್ಪು ಒಂದು ನಿಮಿಷ ಉಳಿದರೆ, 17 ಮೀಟರಿಗೂ ಹೆಚ್ಚು ಸುಳ್ಳು ದೂರ ಬರುತ್ತದೆ!

ನಮಗೆ ಹತ್ತಿರದ ದಾಖಲೆ ಕೃಷ್ಣೆಯ ಉಪನದಿ ಕೊಯ್ನಾದ್ದು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಆ ಕಣಿವೆ ನಡುಗಿದಾಗ, ಅಣೆಕಟ್ಟೆಯೊಳಗಿದ್ದ ಯಂತ್ರ ಗುರುತ್ವದ ಸುಮಾರು 0.63 ಪಟ್ಟು ವೇಗೋತ್ಕರ್ಷವನ್ನು ದಾಖಲಿಸಿತು. ಕಟ್ಟೆ ಬಿರುಕು ಬಿಟ್ಟಿತು, ಒಡೆಯಲಿಲ್ಲ. ಅದೇ ದಾಖಲೆ ಹಿಡಿದು ಎಂಜಿನಿಯರುಗಳು ಕಟ್ಟೆಯ ನೆತ್ತಿ ಎಷ್ಟು ತೂಗಾಡಿರಬಹುದು, ಬಿರುಕು ಎಲ್ಲಿ ಏಳುತ್ತದೆ ಎಂದು ಲೆಕ್ಕ ಹಾಕಿದರು.

ಆ ಹೊತ್ತಿಗೆ ಕಂಪ್ಯೂಟರ್ ಬಂದಿತ್ತು. ಸೊನ್ನೆಯ ಗೆರೆ ತಿದ್ದಿ, ತೀರಾ ನಿಧಾನದ ಚಲನೆಯನ್ನು ಸೋಸಿ ತೆಗೆಯುವ ಪದ್ಧತಿ 1970ರ ದಶಕದಲ್ಲಿ ನೆಲೆಯೂರಿತು. ಸುಳ್ಳು ದೂರ ಹೋಯಿತು. ಆದರೆ ಹೊಟ್ಟಿನ ಜೊತೆ ಕಾಳೂ ಹಾರಿತು: ನೆಲ ನಿಜವಾಗಿಯೂ ಜರುಗಿ ಅಲ್ಲೇ ನಿಂತಿದ್ದರೆ, ಅದೂ ಲೆಕ್ಕದಿಂದ ಅಳಿಸಿಹೋಗುತ್ತಿತ್ತು.

1999ರ ಸೆಪ್ಟೆಂಬರ್ 21ರಂದು ತೈವಾನ್‌ನ ಚಿ-ಚಿ ಭೂಕಂಪದಲ್ಲಿ ಕೆಲವೆಡೆ ನೆಲ ಹಲವು ಮೀಟರ್ ಜರುಗಿತು. ಅಲ್ಲಿ ಡಿಜಿಟಲ್ ಯಂತ್ರಗಳೂ ಇದ್ದವು, ಜಿಪಿಎಸ್ ಅಳತೆಯೂ ಇತ್ತು. ಒಂದರ ಲೆಕ್ಕವನ್ನು ಇನ್ನೊಂದರ ಪಕ್ಕದಲ್ಲಿಟ್ಟು ತಾಳೆ ನೋಡಲು ಸಾಧ್ಯವಾಯಿತು.

ಸೇತುವೆ, ನೀರಿನ ಪೈಪು, ಕಾಲುವೆ ಕಟ್ಟುವವರಿಗೆ ಈ ದೂರ ಗೊತ್ತಿರಲೇಬೇಕು. ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ವೇಗೋತ್ಕರ್ಷ ಅಳೆಯುವ ಪುಟ್ಟ ಚಿಪ್ ಇದೆ. ಫೋನ್ ಅಡ್ಡ ಹಿಡಿದಾಗ ಪರದೆ ತಿರುಗುವುದು ಅದರಿಂದಲೇ. ಆದರೆ ನೀವು ಎಷ್ಟು ದೂರ ನಡೆದಿರಿ ಎಂದು ಹೇಳಲು ಅದಕ್ಕೂ ಜಿಪಿಎಸ್‌ನ ನೆರವು ಬೇಕು. ಕಾರಣ ಆ ಹಳೆಯದೇ: ಎರಡು ಸಲ ಕೂಡುವ ಸಣ್ಣ ತಪ್ಪು.